ಮ್ಯೂಟ್ ಮಾಡ್ಕೊಳ್ಳಿ, ಪರಿಚಯ ಮಾಡ್ಕೊಳ್ಳೋಣ

ಮೊನ್ನೆ ಬೆಳಗ್ಗೆ ಹತ್ತು ಗಂಟೆ. ನಮ್ಮ ಶಾಲೆಯ ಸ್ಟಾಫ್ ರೂಮು. ಆನ್‌ಲೈನ್ ತರಬೇತಿಯ ಮೊದಲ ದಿನ. ಪರದೆ ಮೇಲೆ 84 ಚೌಕ. ಮುಖ ಇರುವುದು ಹದಿನೈದರಲ್ಲೋ ಇಪ್ಪತ್ತರಲ್ಲೋ. ಉಳಿದವೆಲ್ಲ ಬರೀ ಹೆಸರಿನ ಮೊದಲ ಅಕ್ಷರ. ಆ ಹೆಸರಾದರೂ ಅವರದೇ ಅಂತ ನಂಬುವ ಹಾಗಿಲ್ಲ. ನಮ್ಮ ಹೆಡ್‌ಮಾಸ್ಟರು ಮೊಮ್ಮಗನ ಟ್ಯಾಬ್‌ನಿಂದ ಸೇರಿದ್ದರು. ಹಾಗಾಗಿ ಅವರ ಚೌಕದಲ್ಲಿ 'ಪ್ರೊ ಗೇಮರ್ 07' ಅಂತಿತ್ತು.

"ನೀವು ಒಂದು ಹಣ್ಣಾಗಿದ್ದರೆ ಯಾವ ಹಣ್ಣಾಗಿರುತ್ತಿದ್ರಿ?" ಅಂತ ಕೇಳಿದರು ಸಂಪನ್ಮೂಲ ವ್ಯಕ್ತಿ. "ಪ್ರೊ ಗೇಮರ್ ಸರ್, ನೀವೇ ಶುರು ಮಾಡಿ."

ನಿವೃತ್ತಿಗೆ ಎರಡೇ ವರ್ಷ ಇರುವ ಮನುಷ್ಯ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಯಾವ ಲೆಕ್ಕವನ್ನೂ ಬಿಡಿಸದೆ ಬಿಟ್ಟವರಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಒಣದ್ರಾಕ್ಷಿ" ಅಂದರು.

"ವಾವ್, ಸೂಪರ್! ಸರ್‌ಗೆ ಎಲ್ಲರೂ ಒಂದು ಮಳೆ ಚಪ್ಪಾಳೆ ಕೊಡಿ."

ಸರ್ಕಾರಿ ತರಬೇತಿಗೆ ಹೋಗದವರಿಗೆ ಮಳೆ ಚಪ್ಪಾಳೆ ಗೊತ್ತಿರಲಿಕ್ಕಿಲ್ಲ. ಮೊದಲು ಒಂದು ಬೆರಳಿನಿಂದ ಅಂಗೈ ತಟ್ಟಬೇಕು. ಆಮೇಲೆ ಎರಡು, ಮೂರು, ಹೀಗೆ ಐದರವರೆಗೆ. ಕೋಣೆ ತುಂಬ ಜನ ಕೂತು ಮಾಡಿದರೆ ನಿಜಕ್ಕೂ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಕೇಳುತ್ತದೆ. ಚೆನ್ನಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆನ್‌ಲೈನ್ ತರಬೇತಿಯ ಮೊದಲ ನಿಯಮ, ಎಲ್ಲರೂ ಮ್ಯೂಟ್‌ನಲ್ಲಿರಬೇಕು. 84 ಮಂದಿ ಮ್ಯೂಟ್‌ನಲ್ಲಿ ಕೂತು ಅಂಗೈ ತಟ್ಟಿದೆವು. ಒಂದು ಹನಿ ಸದ್ದಿಲ್ಲ. ಅಷ್ಟರಲ್ಲಿ ಹೊರಗೆ ನಿಜವಾದ ಮಳೆ ಹೊಡೆಯಲು ಶುರುವಾಯಿತು. ಯಾರೋ ಪುಣ್ಯಾತ್ಮರು ಮೈಕ್ ತೆರೆದಿಟ್ಟಿದ್ದರು. ಮಳೆ ಸದ್ದು ಎಲ್ಲರಿಗೂ ಕೇಳಿಸಿತು. ಸಂಪನ್ಮೂಲ ವ್ಯಕ್ತಿ ಸಿಡುಕಿದರು: "ಯಾರದೋ ಕಡೆಯಿಂದ ಡಿಸ್ಟರ್ಬೆನ್ಸ್ ಬರ್ತಾ ಇದೆ. ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ. ಚಟುವಟಿಕೆ ನಡೀತಿದೆ."

ಈ ಚಟುವಟಿಕೆಗೆ ಐಸ್ ಬ್ರೇಕರ್ ಅಂತ ಹೆಸರು. ಅಂದರೆ ನಮ್ಮ ನಿಮ್ಮ ನಡುವೆ ಐಸ್ ಇದೆ, ಅದನ್ನು ಒಡೆಯಬೇಕು. ನಮ್ಮ ಮಲೆನಾಡಿನಲ್ಲಿ ಐಸ್ ಅಂದರೆ ಎರಡೇ. ಒಂದು, ಬೇಸಿಗೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಐಸ್ ಕ್ಯಾಂಡಿ. ಇನ್ನೊಂದು, ಘಟ್ಟದ ಕೆಳಗಿನಿಂದ ಮೀನಿನ ಜೊತೆ ಬರುವ ಐಸ್. ಎರಡನ್ನೂ ಯಾರೂ ಒಡೆಯುತ್ತಾ ಕೂರಬೇಕಾಗಿಲ್ಲ. ಸುಮ್ನೆ ಬಿಟ್ಟರೆ ತಾನಾಗಿ ಕರಗುತ್ತದೆ.

ಅಸಲಿ ಐಸ್ ಬ್ರೇಕರ್ ಒಂದು ಜಾತಿಯ ಹಡಗು. ಉತ್ತರ ಧ್ರುವದ ಕಡೆ ಸಮುದ್ರ ಹೆಪ್ಪುಗಟ್ಟಿದಾಗ ಅದು ಮುಂದೆ ಹೋಗಿ ಗಡ್ಡೆ ಒಡೆಯುತ್ತದೆ. ಹಿಂದೆ ಬರುವ ಹಡಗುಗಳಿಗೆ ದಾರಿ ಆಗುತ್ತದೆ. 1957ರಲ್ಲಿ ಸೋವಿಯತ್ ಒಕ್ಕೂಟ 'ಲೆನಿನ್' ಅನ್ನುವ ಇಂಥ ಹಡಗನ್ನು ನೀರಿಗಿಳಿಸಿತು. ಅದು ಓಡುತ್ತಿದ್ದದ್ದು ಅಣುಶಕ್ತಿಯಿಂದ. ನೋಡಿ, ಅವರಿಗೆ ಐಸ್ ಒಡೆಯಲು ಅಣು ರಿಯಾಕ್ಟರೇ ಬೇಕಾಯಿತು. ನಮಗೆ ದಿನಕ್ಕೆ ಒಂದೂವರೆ ಜಿಬಿ ಸಾಕಂತೆ. ಅದೂ ನಮ್ಮದೇ ದುಡ್ಡಿನ ರೀಚಾರ್ಜು.

ಹಣ್ಣಿನ ಸುತ್ತು ಮುಗಿದ ಮೇಲೆ ವಿಶೇಷಣದ ಸುತ್ತು ಬಂತು. ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೋ ಅದೇ ಅಕ್ಷರದ ಒಂದು ಗುಣವನ್ನು ಹೆಸರಿನ ಮುಂದೆ ಸೇರಿಸಿ ಹೇಳಬೇಕು. ಹೆಡ್‌ಮಾಸ್ಟರ ಹೆಸರು 'ರ' ಅಕ್ಷರದ್ದು. ಗಡಿಬಿಡಿಯಲ್ಲಿ "ರಸಿಕ" ಅಂದುಬಿಟ್ಟರು. ಇದರಿಂದ ಶಿಕ್ಷಣಕ್ಕೆ ಏನು ಉಪಕಾರ ಆಯಿತೋ ನನಗೆ ಗೊತ್ತಿಲ್ಲ. ಬಿಸಿಯೂಟದ ಅಡುಗೆಯವರು ಮಾತ್ರ ಅವತ್ತಿನಿಂದ ಅವರನ್ನು ಕಂಡರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಾರೆ.

ಆಮೇಲೆ ಬ್ರೇಕ್‌ಔಟ್ ರೂಮು. ಕಂಪ್ಯೂಟರೇ ಇಬ್ಬಿಬ್ಬರನ್ನು ಆರಿಸಿ ಒಂದೊಂದು ರೂಮಿಗೆ ಹಾಕುತ್ತದೆ. "ನಿಮ್ಮ ಜೊತೆಗಾರರ ಬಗ್ಗೆ ನಿಮಗೆ ಗೊತ್ತಿಲ್ಲದ ಮೂರು ವಿಷಯ ತಿಳಿದುಕೊಳ್ಳಿ. ಸಮಯ ಐದು ನಿಮಿಷ." ನನ್ನ ಪಾಲಿಗೆ ಬಿದ್ದವರು ನಮ್ಮದೇ ಶಾಲೆಯ ವಿಜ್ಞಾನ ಮೇಷ್ಟ್ರು. ಕೂತಿದ್ದು ನನ್ನ ಪಕ್ಕದ ಕುರ್ಚಿಯಲ್ಲಿ. ಹನ್ನೊಂದು ವರ್ಷದಿಂದ ಒಂದೇ ಬೈಕಿನಲ್ಲಿ ಶಾಲೆಗೆ ಬರುತ್ತಿದ್ದೇವೆ. ಇಬ್ಬರೂ ಮೈಕ್ ತೆರೆದದ್ದೇ ತಡ, ಎರಡೂ ಫೋನು ಒಂದರ ಮೇಲೊಂದು ಕೂಗಿ ಕಿವಿ ತೂತು ಬೀಳುವುದೊಂದು ಬಾಕಿ. ಕೊನೆಗೆ ಫೋನ್ ಮಗುಚಿಟ್ಟು ಟೀ ಕುಡಿದೆವು. ಗೊತ್ತಿಲ್ಲದ ಒಂದು ವಿಷಯ ತಿಳಿದದ್ದು ನಿಜ. ಹೋದ ವರ್ಷ ನನ್ನಿಂದ ತಗೊಂಡ 500 ರೂಪಾಯಿಯನ್ನು ಅವರು ಮರೆತಿಲ್ಲವಂತೆ. ಕೊಡುವ ಮಾತು ಬರುವಷ್ಟರಲ್ಲಿ ಐದು ನಿಮಿಷ ಮುಗಿದು, ಕಂಪ್ಯೂಟರ್ ನಮ್ಮನ್ನು ಎಳೆದುಕೊಂಡು ಹೋಯಿತು.

ಈ ಜಾಡ್ಯ ನಮಗೆ ಅಂಟಿದ್ದು ಕೊರೊನಾ ಕಾಲದಲ್ಲಿ. ಕೊರೊನಾ ಹೋಯಿತು, ಇದು ಉಳಿಯಿತು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತಲ್ವಾ, ಸ್ವಲ್ಪ ದಿನಕ್ಕೆ ಪಾಠ ಚಂದನ ವಾಹಿನಿಗೆ ಹೋಯಿತು. 'ಸಂವೇದ' ಅಂತ ಹೆಸರು. ಆಮೇಲೆ 'ವಿದ್ಯಾಗಮ' ಬಂತು. ದೇವಸ್ಥಾನದ ಜಗಲಿ, ಅರಳಿ ಕಟ್ಟೆ, ಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡಿದೆವು. ಅಲ್ಲಿ ಯಾವ ಹುಡುಗನನ್ನೂ ನೀನು ಯಾವ ಹಣ್ಣು ಅಂತ ಕೇಳಬೇಕಾಗಿ ಬರಲಿಲ್ಲ. ಅವರೇ ಬರುವಾಗ ಜೇಬಲ್ಲಿ ಪೇರಳೆ ಇಟ್ಟುಕೊಂಡು ಬರುತ್ತಿದ್ದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಮತ್ತೆ ಫೋನು.

ಕೇಂದ್ರದವರು 2020ರ ಜುಲೈನಲ್ಲಿ 'ಪ್ರಗ್ಯತಾ' ಅನ್ನುವ ಮಾರ್ಗಸೂಚಿ ಹೊರಡಿಸಿದ್ದರು. ಒಂಬತ್ತನೇ ಕ್ಲಾಸಿನಿಂದ ಮೇಲಿನವರಿಗೆ 30ರಿಂದ 45 ನಿಮಿಷದ ಆನ್‌ಲೈನ್ ಪಾಠ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ ಅಂತ ಅದರಲ್ಲಿತ್ತು. ಜೂಮ್ ಪುಕ್ಕಟೆಯಾಗಿ ಕೊಡುವುದು 40 ನಿಮಿಷ. ಸರಿಹೋಯಿತಲ್ಲ ಅಂದುಕೊಂಡೆ. ನನ್ನ ಒಂಬತ್ತನೇ ಕ್ಲಾಸಿನಲ್ಲಿ 38 ಮಕ್ಕಳು. ಪರದೆಗೆ ಬರುತ್ತಿದ್ದವರು 22. ತರಬೇತಿಯವರು ಹೇಳಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಪರಿಚಯ. 22 ನಿಮಿಷ ಅಲ್ಲಿಗೆ ಹೋಯಿತು. "ಸಾರ್, ಕೇಳಿಸ್ತಾ ಇದ್ಯಾ ಸಾರ್?", "ನಿಂದು ಕೇಳ್ತಿದೆ, ನಂದು ಕೇಳ್ತಿದ್ಯಾ?" ಇದಕ್ಕೆ ಹತ್ತು ನಿಮಿಷ. ಉಳಿದ ಎಂಟು ನಿಮಿಷದಲ್ಲಿ ಹಳಗನ್ನಡ ಪದ್ಯ. ಕಂದಪದ್ಯದ ಎರಡನೇ ಸಾಲಿಗೆ ಬರುವಷ್ಟರಲ್ಲಿ ಜೂಮ್‌ನವರು ಬಾಗಿಲು ಹಾಕುತ್ತಿದ್ದರು.

ಅಷ್ಟಕ್ಕೂ ಪರಿಚಯ ಯಾರಿಗೆ, ಯಾರದು? ಅಂಗನವಾಡಿಯಿಂದ ಒಟ್ಟಿಗೆ ಬಂದ ಮಕ್ಕಳು. ಯಾರ ಮನೆ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಇವತ್ತು ಅಕ್ಕಿ ರೊಟ್ಟಿ, ಯಾರ ಅಣ್ಣ ಬೆಂಗಳೂರಿನಿಂದ ಕೆಲಸ ಬಿಟ್ಟು ಬಂದಿದ್ದಾನೆ, ಎಲ್ಲ ಗೊತ್ತು. "ನನ್ನ ಹೆಸರು ಇಂಥದ್ದು, ನನಗೆ ಇಷ್ಟವಾದ ಬಣ್ಣ ನೀಲಿ" ಅಂತ ಒಬ್ಬಳು ಹೇಳಿದರೆ ಇನ್ನೊಬ್ಬಳು, "ಸುಳ್ಳು ಸಾರ್, ಅವಳ ಹತ್ರ ಇರೋ ಚೂಡಿದಾರ ಎಲ್ಲಾ ಹಸಿರು" ಅನ್ನುತ್ತಿದ್ದಳು.

ಆದರೂ ನಾನು ವಿಧೇಯ ನೌಕರ. ಕೈಪಿಡಿಯಲ್ಲಿ ಇದ್ದದ್ದನ್ನೆಲ್ಲ ಮಾಡಿಸಿದೆ. "ಮನೆಯಲ್ಲಿರುವ ಒಂದು ಕೆಂಪು ವಸ್ತುವನ್ನು ಮೂವತ್ತು ಸೆಕೆಂಡಿನಲ್ಲಿ ತಂದು ತೋರಿಸಿ." ಹೇಳಿದ್ದೇ ತಡ, ಮಕ್ಕಳು ಫೋನ್ ಹಿಡಿದುಕೊಂಡೇ ಓಡಿದರು. ಪರದೆ ಮೇಲೆ 22 ಮನೆಗಳು ಭೂಕಂಪಕ್ಕೆ ಸಿಕ್ಕ ಹಾಗೆ ಕುಲುಕಿದವು. ಗೋಡೆ, ಜಂತಿ, ಅಜ್ಜನ ಪಂಚೆ, ಮತ್ತೆ ಜಂತಿ. ಏಳು ಮಕ್ಕಳು ಒಳಕೋಣೆಗೆ ಹೋದದ್ದೇ ನೆಟ್‌ವರ್ಕ್ ಸಿಗದೆ ಮಾಯವಾದರು, ಅವತ್ತು ವಾಪಸ್ ಬರಲೇ ಇಲ್ಲ. ಉಳಿದವರು ಒಣಮೆಣಸಿನಕಾಯಿ, ದಾಸವಾಳ, ಕುಂಕುಮದ ಭರಣಿ ತಂದರು. ಹಾಜರಿ ನಂಬರ್ 14 ಮಾತ್ರ ಕಾಣಲಿಲ್ಲ. ದರದರ ಎಳೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಹುಡುಗ ಅಡುಗೆಮನೆಯಿಂದ ಗ್ಯಾಸ್ ಸಿಲಿಂಡರ್ ಎಳೆದುಕೊಂಡು ಬರುತ್ತಿದ್ದ. ಹಿಂದೆ ಅವನ ಅಮ್ಮ ಸೌಟು ಹಿಡಿದುಕೊಂಡು. "ಒಲೆ ಮೇಲೆ ಸಾರಿತ್ತಲ್ಲೋ, ಎಂತ ಕೇಡಾಯ್ತೋ ನಿಂಗೆ!" ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೇನು ಮಾಡಿದೆ ಗೊತ್ತಾ? ಕೈಪಿಡಿಯಲ್ಲಿ ಹೇಳಿದ ಹಾಗೆ, ಅವನ ಮನೆಯ ಗಲಾಟೆ ಜಾಸ್ತಿಯಾಯಿತು ಅಂತ ಅವನನ್ನು ಮ್ಯೂಟ್ ಮಾಡಿದೆ.

ಮುಂದಿನ ವಾರ 'ಎರಡು ನಿಜ, ಒಂದು ಸುಳ್ಳು'. ತಮ್ಮ ಬಗ್ಗೆ ಮೂರು ಮಾತು ಹೇಳಬೇಕು, ಯಾವುದು ಸುಳ್ಳು ಅಂತ ಉಳಿದವರು ಕಂಡುಹಿಡಿಯಬೇಕು. ನಂಬರ್ 9 ಎದ್ದು ನಿಂತು ಹೇಳಿದ: "ನಮ್ಮನೆ ಎಮ್ಮೆ ಕರು ಹಾಕಿತು. ನಾನು ಹೋಂವರ್ಕ್ ಮಾಡಿದ್ದೇನೆ. ನಮ್ಮಪ್ಪ ಕುಡಿಯೋದು ಬಿಟ್ಟಿದ್ದಾರೆ."

ಯಾರೂ ಉಸಿರೆತ್ತಲಿಲ್ಲ. ಹೋಂವರ್ಕ್ ಮಾಡಿಲ್ಲ ಅನ್ನುವುದು ನನಗೆ ಗೊತ್ತು. ಇನ್ನೊಂದು ಊರಿಗೆಲ್ಲ ಗೊತ್ತು. ಫೋನು ಅವರಪ್ಪನದು, ಅಪ್ಪ ಪಕ್ಕದಲ್ಲೇ ಕೂತಿದ್ದರು. ಆಟದ ನಿಯಮದ ಪ್ರಕಾರ ಸುಳ್ಳು ಒಂದೇ ಇರಬೇಕು. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎಲ್ಲರ ಮಾನ ಕಾಪಾಡಿದಳು. "ಸಾರ್, ಎಮ್ಮೇದು ನಿಜ ಸಾರ್."

'ಮನೆಯಲ್ಲಿ ನಿಮಗೆ ತುಂಬ ಇಷ್ಟವಾದ ಮೂಲೆಯನ್ನು ತೋರಿಸಿ' ಅನ್ನುವುದೊಂದಿತ್ತು. ಅದನ್ನು ಮಾತ್ರ ಮಾಡಿಸಲು ಬಾಯಿ ಬರಲಿಲ್ಲ. ನನ್ನ ಕ್ಲಾಸಿನ ಅರ್ಧ ಮಕ್ಕಳು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿರುತ್ತಿದ್ದರು, ಇಲ್ಲವೇ ಮೋರಿ ಕಟ್ಟೆ ಮೇಲೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಫೋಟೊ ಎಲ್ಲ ಕಡೆ ಓಡಾಡಿತಲ್ಲ, ನೆನಪಿದೆಯಾ? ಜೋರು ಮಳೆಯಲ್ಲಿ ರಸ್ತೆ ಬದಿ ಮಗಳು ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಅವಳಿಗೆ ಕೊಡೆ ಹಿಡಿದು ನಿಂತಿದ್ದಾರೆ. ಆ ಹುಡುಗಿಗೆ ಯಾರಾದರೂ, "ಪುಟ್ಟಾ, ಇವತ್ತಿನ ನಿನ್ನ ಮೂಡ್ ಯಾವ ಇಮೋಜಿ?" ಅಂತ ಕೇಳಿದ್ದರೆ ಅಪ್ಪ ಕೊಡೆಯನ್ನು ಹೇಗೆ ಹಿಡಿಯುತ್ತಿದ್ದರೋ ಏನೋ.

ನನಗೆ ಅರ್ಥವಾಗದ್ದು ಇದು. ನಮ್ಮ ಜನಕ್ಕೆ ಪರಿಚಯ ಮಾಡಿಕೊಳ್ಳಲು ಬರುವುದಿಲ್ಲ ಅಂತ ಯಾರು ಹೇಳಿದ್ದು? ತೀರ್ಥಹಳ್ಳಿಯಲ್ಲಿ ಶಿವಮೊಗ್ಗದ ಬಸ್ ಹತ್ತಿ ನೋಡಿ. ಪಕ್ಕದಲ್ಲಿ ಕೂತವರು "ಯಾವೂರಾಯ್ತು?" ಅನ್ನುತ್ತಾರೆ. ಊರು ಹೇಳಿದರೆ "ಅಲ್ಲಿ ಯಾರ ಪೈಕಿ?" ಅದು ಹೇಳಿದರೆ "ಹಾಗಾದ್ರೆ ನಮಗೆ ದೂರದಿಂದ ನೆಂಟ್ರೇ ಆಗ್ಬೇಕು." ಮಂಡಗದ್ದೆ ಬರುವಷ್ಟರಲ್ಲಿ ನಿಮ್ಮ ಸಂಬಳ, ಸಕ್ಕರೆ ಕಾಯಿಲೆ, ತೋಟದಲ್ಲಿ ಅಡಿಕೆ ಎಷ್ಟು ಕ್ವಿಂಟಾಲ್, ಮಗಳಿಗೆ ಗಂಡು ನೋಡುತ್ತಿದ್ದೀರೋ ಇಲ್ಲವೋ ಎಲ್ಲ ಹೊರಬಿದ್ದಿರುತ್ತದೆ. ಶಿವಮೊಗ್ಗದಲ್ಲಿ ಇಳಿಯುವಾಗ ಗಂಡಿನ ಫೋನ್ ನಂಬರೂ ಕೈಯಲ್ಲಿರುತ್ತದೆ. ಇಷ್ಟಕ್ಕೆ ಸಂಪನ್ಮೂಲ ವ್ಯಕ್ತಿ ಬೇಕಾಗಲಿಲ್ಲ, ಗೂಗಲ್ ಫಾರಂನಲ್ಲಿ ಫೀಡ್‌ಬ್ಯಾಕ್ ತುಂಬಬೇಕಾಗಲಿಲ್ಲ. ಇಂಥವರನ್ನು ಹಿಡಿದು ತಂದು, ಬಾಯಿಗೆ ಮ್ಯೂಟ್ ಹಾಕಿ, ಆಮೇಲೆ "ಯಾಕೆ ಯಾರೂ ಮಾತಾಡ್ತಿಲ್ಲ? ಎಲ್ಲರೂ ಸ್ವಲ್ಪ ಓಪನ್ ಅಪ್ ಆಗಿ" ಅಂತ ಗೋಗರೆಯುವುದು.

ನಾನೂ ಹಾಗೆ ಗೋಗರೆದವನೇ. ಒಂದು ಮಧ್ಯಾಹ್ನ ಕ್ಲಾಸಿನ ನಡುವೆ ಕರೆಂಟ್ ಹೋಯಿತು, ಅದರ ಹಿಂದೆಯೇ ಟವರೂ ಹೋಯಿತು. ನಾನು ಹೊರಬಿದ್ದೆ. ಫೋನ್ ಹಿಡಿದುಕೊಂಡು ಮನೆ ಹಿಂದಿನ ದಿಬ್ಬ ಹತ್ತಿ, ಒಂದು ಗೆರೆ ಸಿಗ್ನಲ್ ಸಿಕ್ಕಿ, ಮತ್ತೆ ಸೇರುವಷ್ಟರಲ್ಲಿ ಹನ್ನೆರಡು ನಿಮಿಷ ಆಗಿತ್ತು. ಮಕ್ಕಳು ಎದ್ದು ಹೋಗಿರುತ್ತಾರೆ ಅಂದುಕೊಂಡಿದ್ದೆ. ಹೋಗಿರಲಿಲ್ಲ. ಎಲ್ಲರ ಮೈಕೂ ಆನ್. ಎಲ್ಲೋ ಕೋಳಿ, ಎಲ್ಲೋ ಮಿಕ್ಸಿ, ಎಲ್ಲೋ ಕುಕ್ಕರ್ ಕೂಗು. "ಏ, ನಿಮ್ಮಜ್ಜಿ ಆಸ್ಪತ್ರೆಯಿಂದ ಬಂದ್ರನೇ?" "ಬಂದ್ರು, ಇಲ್ಲೇ ಇದಾರೆ, ತೋರಿಸ್ತೀನಿ ತಡಿ." "ಎಮ್ಮೆ ಕರುಗೆ ಎಂತ ಹೆಸರಿಟ್ರೋ?" ನಂಬರ್ 14ರ ಅಮ್ಮ ನಂಬರ್ 9ರ ಅಮ್ಮನ ಹತ್ತಿರ ಗಿಣ್ಣದ ಹಾಲು ಕಳಿಸಲು ಹೇಳುತ್ತಿದ್ದರು. ಪಾಠಕ್ಕೆ ಯಾವತ್ತೂ ಬಾಯಿ ಬಿಡದ ಹುಡುಗಿ ಅಜ್ಜಿಯನ್ನು ಕ್ಯಾಮೆರಾ ಮುಂದೆ ಕೂರಿಸಿಕೊಂಡು ಬಾಯಿ ತುಂಬ ಮಾತಾಡುತ್ತಿದ್ದಳು.

"ಸಾರ್ ಬಂದ್ರು, ಸಾರ್ ಬಂದ್ರು" ಅಂತ ಯಾರೋ ಪಿಸುಗುಟ್ಟಿದರು. ಪಟಪಟ ಅಂತ ಒಂದೊಂದೇ ಮೈಕು ಆಫ್ ಆಯಿತು. ಕೋಳಿ ಹೋಯಿತು, ಮಿಕ್ಸಿ ಹೋಯಿತು, ಅಜ್ಜಿ ಹೋದರು. 22 ಚೌಕ ಗಪ್‌ಚಿಪ್.

ನಾನು ಗಂಟಲು ಸರಿಮಾಡಿಕೊಂಡೆ. "ಎಲ್ಲರೂ ಮ್ಯೂಟ್ ಆಗಿದ್ದೀರಲ್ಲ? ಗುಡ್. ಈಗ ನಮ್ಮ ನಮ್ಮಲ್ಲಿ ಸ್ವಲ್ಪ ಆತ್ಮೀಯತೆ ಬೆಳೆಯಲಿ ಅಂತ ಒಂದು ಚಿಕ್ಕ ಚಟುವಟಿಕೆ ಮಾಡೋಣ" ಅಂದೆ. ಸ್ಕ್ರೀನ್‌ಶಾಟ್ ತೆಗೆದು ಮೇಲಿನವರಿಗೆ ಕಳಿಸಿದೆ.