ದೆವ್ವಕ್ಕೆ ಎಷ್ಟು ವಯಸ್ಸು?

ಬೇಸಿಗೆ ರಜೆಗೆ ಬೆಂಗಳೂರಿನಿಂದ ಶಿರಸಿಗೆ ಬಂದ ಅಕ್ಕನ ಮಕ್ಕಳಿಗೆ ದೆವ್ವದ ಸಿನಿಮಾ ಬೇಕಾಗಿತ್ತು. ಅಣ್ಣನಿಗೆ ಹತ್ತು, ತಂಗಿಗೆ ಏಳು. ಅಕ್ಕನಿಗೆ ಫೋನು ಮಾಡಿದರೆ, "ಮೊದಲು ನೀನು ನೋಡು. ಸರಿ ಕಂಡರೆ ತೋರಿಸು" ಎಂದಳು. ಸೋದರಮಾವನಿಗೆ ಸೆನ್ಸಾರ್ ಮಂಡಳಿಯ ಅಧ್ಯಕ್ಷಗಿರಿ ಬಂದದ್ದು ಹೀಗೆ.

ಅಸಲಿ ಮಂಡಳಿ ಆ ಚಿತ್ರಕ್ಕೆ 'ಯುಎ 13+' ಕೊಟ್ಟಿತ್ತು. 1983ರಿಂದ ಇದ್ದ ಒಂದೇ 'ಯುಎ'ಯನ್ನು 2023ರ ತಿದ್ದುಪಡಿಯಲ್ಲಿ 7, 13, 16 ಎಂದು ಮೂರು ಮೆಟ್ಟಿಲು ಮಾಡಿದ್ದಾರೆ. ಆದರೆ 'ಎ' ಚಿತ್ರಕ್ಕಿರುವಂತೆ ಇಲ್ಲಿ ಬಾಗಿಲಲ್ಲಿ ತಡೆಯುವವರಿಲ್ಲ; ಚಿಕ್ಕವರಿಗೆ ತೋರಿಸಬಹುದೇ ಎಂದು ಹೆತ್ತವರೇ ಯೋಚಿಸಬೇಕು. ಹೆತ್ತವಳು ನನಗೆ ದಾಟಿಸಿಯಾಗಿದೆ.

ರಾತ್ರಿ ಒಬ್ಬನೇ ಕುಳಿತು ನೋಡಿದೆ. ಧ್ವನಿ ಮುಚ್ಚಿದರೆ ದೆವ್ವವೆಂದರೆ ಪೌಡರು ಹೆಚ್ಚಾದ, ತಲೆ ಬಾಚಿಕೊಳ್ಳಲು ಪುರುಸೊತ್ತಿಲ್ಲದ ಹೆಂಗಸು. ಧ್ವನಿ ಕೊಟ್ಟೆನೋ, ಬೆನ್ನು ಗೋಡೆ ಹುಡುಕಿತು. ಅದೇ ಹೊತ್ತಿಗೆ ತೋಟದಲ್ಲಿ ಅಡಿಕೆ ಹಾಳೆಯೊಂದು ದೊಪ್ಪೆಂದು ಬೀಳಬೇಕೇ! ಬಚ್ಚಲು ಅಂಗಳದಾಚೆ ಇರುವ, ಹಂಚಿನ ಮೇಲೆ ಕಬ್ಬೆಕ್ಕು ಓಡಾಡುವ ಮನೆಯಲ್ಲಿ ಬೆಂಗಳೂರಿನ 13 ಸಲೀಸಾಗಿ 16 ಆಗುತ್ತದೆ.

ಹಾಗೆಂದು ನಮ್ಮನ್ನು ಯಾರು ಪ್ರಮಾಣಪತ್ರ ನೋಡಿ ಬೆಳೆಸಿದರು? ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಶಿರಸಿಯಲ್ಲಿ ಹೋಳಿ ಹಬ್ಬಕ್ಕೆ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು, ಕತ್ತಿ ಗುರಾಣಿ ಹಿಡಿದ ಬೇಡ ತಮಟೆಯ ಪೆಟ್ಟಿಗೆ ಜನರ ಮೇಲೆಯೇ ಏರಿ ಬರುತ್ತಾನೆ. ಅವನಿಗೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಜಗ್ಗಿ ಹಿಡಿದಿರುತ್ತಾರೆ. ಅಪ್ಪನ ಪಂಚೆಯಲ್ಲಿ ಮುಖ ಹುದುಗಿಸಿ ನಾನು ಒಂದೇ ಕಣ್ಣಿನಲ್ಲಿ ಆ ಹಗ್ಗವನ್ನು ನೋಡುತ್ತಿದ್ದೆ. ಅದು ಬಿಗಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ಇನ್ನೊಂದು ಕಣ್ಣು ತೆರೆಯುತ್ತಿದ್ದುದು. ಸಿನಿಮಾದ ದೆವ್ವಕ್ಕೆ ಹಗ್ಗವಿಲ್ಲ. ಪಕ್ಕದಲ್ಲಿ ಕುಳಿತವನೇ ಹಿಡಿಯಬೇಕು.

ಹಿಡಿಯುತ್ತೇನೆ ಎಂದುಕೊಂಡೆ. ಮರುದಿನ ಬೆಳಗಿನ ಹನ್ನೊಂದಕ್ಕೆ, ಕಿಟಕಿಗಳನ್ನೆಲ್ಲ ತೆರೆದು, ಧ್ವನಿ ಇಳಿಸಿ, ರಿಮೋಟ್ ಕೈಯಲ್ಲಿಟ್ಟುಕೊಂಡು ಪ್ರದರ್ಶನ ಏರ್ಪಡಿಸಿದೆ. ದೆವ್ವ ಬಂತು. "ಇವಳ ಕಾಡಿಗೆ ಕರಗಿದೆ" ಎಂದಳು ಹುಡುಗಿ. ಅಣ್ಣ ಹಲಸಿನ ಹಪ್ಪಳ ಮುರಿಯುತ್ತಲೇ ಇದ್ದ. ನಾನು ಗೆದ್ದೆನೆಂದು ರಿಮೋಟ್ ಕೆಳಗಿಟ್ಟೆ. ಮುಂದಿನ ದೃಶ್ಯದಲ್ಲಿ ದೆವ್ವವೂ ಇರಲಿಲ್ಲ, ಎದೆ ನಡುಗಿಸುವ ಸಂಗೀತವೂ ಇರಲಿಲ್ಲ. ಚಿತ್ರದ ತಾಯಿ ಮಗಳನ್ನು ಅಜ್ಜಿಮನೆಯಲ್ಲಿ ಬಿಟ್ಟು ಕಾರು ಹತ್ತಿದಳು, ಅಷ್ಟೆ. ಹುಡುಗಿಯ ತಟ್ಟೆಯಲ್ಲಿ ಅರ್ಧ ಹಪ್ಪಳ ಹಾಗೇ ಉಳಿಯಿತು.

ರಾತ್ರಿ ದೀಪ ಆರಿಸಲು ಹೋದಾಗ ಅವಳಿಗೆ ನಿದ್ದೆ ಬಂದಿರಲಿಲ್ಲ.

"ಮಾವ, ಅಮ್ಮ ಶನಿವಾರ ಬಂದೇ ಬರುತ್ತಾಳೆ, ಅಲ್ಲವಾ?"

ಅಕ್ಕನಿಗೆ ಫೋನು ಹಚ್ಚಿದೆ. ಅವಳು ಎತ್ತಿದವಳೇ, "ನಾನು ಹೇಳಲಿಲ್ಲವಾ! ದೆವ್ವಕ್ಕೆ ಹೆದರಿದಳಾ?" ಎಂದಳು.

ಉತ್ತರಿಸದೆ ಫೋನನ್ನು ಹುಡುಗಿಯ ಕೈಗೆ ಕೊಟ್ಟೆ.