550 ಗ್ರಾಂ ಎಲ್ಲಿ ಹೋಯಿತು?

ಶನಿವಾರ ಮಧ್ಯಾಹ್ನ 12.40ಕ್ಕೆ ಫೋನು ಟಿಣ್ ಎಂದರೆ ತೆಗೆದು ನೋಡುವುದೇ ಬೇಡ, ಅದು ರಾಯರದ್ದು. 'ಕಳೆದ ವಾರ 4 ಕಿಲೋ 200 ಗ್ರಾಂ. ಈ ವಾರ 3 ಕಿಲೋ 650 ಗ್ರಾಂ. ವ್ಯತ್ಯಾಸ 550 ಗ್ರಾಂ. ಕಾರಣ ತಿಳಿಸುವುದು.' ಜೊತೆಗೊಂದು ಫೋಟೋ: ಅಡುಗೆಮನೆಯ ತೂಕದ ಯಂತ್ರದ ಮೇಲೆ ತಪ್ಪಿತಸ್ಥನಂತೆ ಕೂತ, ನಮ್ಮ ತೋಟದಿಂದ ಹೋದ ತರಕಾರಿ ಚೀಲ.

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1906ರಲ್ಲಿ ಮಂಗಳೂರಲ್ಲೊಂದು, ಉಡುಪಿಯಲ್ಲೊಂದು, 1925ರಲ್ಲಿ ಉಡುಪಿಯಲ್ಲಿ ಮತ್ತೊಂದು, 1931ರಲ್ಲಿ ಮಂಗಳೂರಲ್ಲಿ ಇನ್ನೊಂದು ಎಂದು ಬ್ಯಾಂಕುಗಳನ್ನು ಹೆತ್ತ ಊರುಗಳಿವು. ಕಲ್ಲು ಬಿಸಾಡಿದರೆ ಒಂದೋ ತೆಂಗಿನಮರಕ್ಕೆ ತಾಗುತ್ತದೆ, ಇಲ್ಲ ನಿವೃತ್ತ ಮ್ಯಾನೇಜರಿಗೆ. ಅಂಥವರು ತರಕಾರಿ ತೋಟಕ್ಕೆ ಮುಂಗಡ ಕಟ್ಟಿ ಪಾಲುದಾರರಾದರೆ ಅದು ಅವರ ಪಾಲಿಗೆ ಫಿಕ್ಸೆಡ್ ಡಿಪಾಸಿಟ್ಟೇ. 40 ಮನೆಯವರು ಮೊದಲೇ ಹಣ ಕೊಡುವುದು, ತೋಟದವರು ಬೆಳೆಯುವುದು, ಬೆಳೆದದ್ದನ್ನು ವಾರವಾರ ಹಂಚಿಕೊಳ್ಳುವುದು, ಬೆಳೆ ಹೋದರೆ ಆ ನಷ್ಟವನ್ನೂ ಹಂಚಿಕೊಳ್ಳುವುದು. ಒಪ್ಪಂದ ಇಷ್ಟೇ. ಮೊದಲಿನ ಮೂರು ಎಲ್ಲರಿಗೂ ಬಾಯಿಪಾಠ. ನಾಲ್ಕನೆಯದು ಬಿಸು ಹಬ್ಬ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ.

ಇರಲಿ, ಲೆಕ್ಕ ಕೇಳಿದ್ದಾರೆ. ಕೊಡೋಣ.

ಮೊದಲು ಹರಿವೆ. ಬೆಳಿಗ್ಗೆ ಆರಕ್ಕೆ ಬೇರು ಸಮೇತ ಕಿತ್ತು, ಬೇರನ್ನು ನೀರಲ್ಲಿ ಅದ್ದಿಟ್ಟು, ಒದ್ದೆ ಗೋಣಿ ಸುತ್ತಿ ಕಳಿಸಿದ ಕಟ್ಟದು. ಒಂಬತ್ತಕ್ಕೇ ರಾಯರ ಗೇಟಿನಲ್ಲಿ ನೇತಾಡುತ್ತಿತ್ತು. ಅವರು ಪೇಪರು ಮುಗಿಸಿ, ಕಾಫಿ ಮುಗಿಸಿ, ಸ್ನಾನ ಮುಗಿಸಿ ತೂಕಕ್ಕಿಟ್ಟದ್ದು ಹನ್ನೆರಡೂವರೆಗೆ. ಕಿತ್ತ ಮೇಲೂ ಸೊಪ್ಪು ಬೆವರುತ್ತಲೇ ಇರುತ್ತದೆ ರಾಯರೇ, ಬೇರಿನಿಂದ ನೀರು ಬರುವುದು ಮಾತ್ರ ನಿಂತಿರುತ್ತದೆ. ಏಪ್ರಿಲ್ ಸೆಕೆಯಲ್ಲಿ ಮೂರೂವರೆ ಗಂಟೆ ಗೇಟಿನಲ್ಲಿ ನೇತಾಡಿದರೆ ಮನುಷ್ಯನೂ ತೂಕ ಇಳಿಯುತ್ತಾನೆ.

ಎರಡನೆಯದು ಬೆಂಡೆ. ಸೆಕೆ ಏರಿದಂತೆ ಇದಕ್ಕೆ ಹುಚ್ಚು ಹಿಡಿಯುತ್ತದೆ. ಹೂ ಬಿಟ್ಟ ಐದಾರು ದಿನಕ್ಕೆ ಕೊಯ್ಯಬೇಕು, ಅಂದರೆ ದಿನ ಬಿಟ್ಟು ದಿನ ಸಾಲು ಸುತ್ತಬೇಕು. ತುದಿ ಬಗ್ಗಿಸಿದರೆ ಚಟಕ್ಕನೆ ಮುರಿಯಬೇಕು. ಬಾಗಿತೋ, ಅದು ತರಕಾರಿ ಅಲ್ಲ, ಸೌದೆ. ತೂಕವೇ ಬೇಕೆಂದರೆ ಸುಲಭ, ಎರಡು ದಿನ ಕೊಯ್ಯದೆ ಬಿಟ್ಟರಾಯಿತು. ಆಗ ರಾಯರ ಯಂತ್ರ ಕುಣಿಯುತ್ತದೆ, ಅವರ ಹಲ್ಲು ಅಳುತ್ತದೆ.

ಇನ್ನು ಟೊಮೆಟೊ. ಗ್ರೂಪಿನಲ್ಲಿ ಪ್ರತಿ ವಾರ ಬರುವ ಪ್ರಶ್ನೆ, 'ಎಂತ ಮಾರಾಯ್ರೆ, ನಿಮ್ಮದು ತೋಟ ಅಲ್ವಾ, ಒಂದು ಟೊಮೆಟೊ ಇಲ್ವಾ?' ಗಿಡ ಉಂಟು. ಹೂವೂ ಉಂಟು. ಆದರೆ ಕಾಯಿ ಚೆನ್ನಾಗಿ ಕಚ್ಚಬೇಕಾದರೆ ರಾತ್ರಿ 21 ಡಿಗ್ರಿಗಿಂತ ತಂಪಿರಬೇಕು. ನಮ್ಮಲ್ಲಿ ಈ ತಿಂಗಳು ಮಧ್ಯರಾತ್ರಿ ಫ್ಯಾನಿನಡಿ ಮಲಗಿದವನಿಗೂ 25ರ ಕೆಳಗೆ ಭಾಗ್ಯವಿಲ್ಲ. ಪರಾಗ ಸತ್ತುಹೋಗುತ್ತದೆ, ಮೂರ್ನಾಲ್ಕು ದಿನಕ್ಕೆ ಹೂ ತೊಟ್ಟು ಸಮೇತ ಉದುರುತ್ತದೆ. ಗೊಬ್ಬರ ಹಾಕಿದರೆ ಎಲೆ ಇನ್ನಷ್ಟು ದಟ್ಟವಾಗಿ ಬರುತ್ತದೆ, ನೋಡಿದವರೆಲ್ಲ 'ಎಷ್ಟು ಚಂದ ಗಿಡ!' ಎನ್ನುತ್ತಾರೆ, ಅಷ್ಟೇ. ಇದರ ಮೇಲೆ ಸೊರಗು ರೋಗ. ಮಧ್ಯಾಹ್ನ ಹಸುರು ಹಸುರಾಗಿಯೇ ಬಾಡುತ್ತದೆ, ಸಂಜೆ ಎದ್ದು ನಿಂತು ಆಸೆ ಹುಟ್ಟಿಸುತ್ತದೆ, ಎರಡು ಮೂರು ದಿನ ಹೀಗೆ ಆಟವಾಡಿಸಿ ಒಂದು ಸಂಜೆ ಏಳುವುದಿಲ್ಲ. ಅನುಮಾನವಿದ್ದರೆ ಬುಡದ ಕಾಂಡ ಕತ್ತರಿಸಿ ಒಂದು ಗ್ಲಾಸು ತಿಳಿನೀರಿನಲ್ಲಿ ತುದಿ ಮುಳುಗಿಸಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯ. ಆ ಗಿಡ ಕಿತ್ತು ಸುಡಿ, ಅದೇ ಜಾಗದಲ್ಲಿ ಬದನೆ, ಮೆಣಸು ನೆಡಬೇಡಿ, ಅವೂ ಅದೇ ಕುಟುಂಬ.

ಚೀನಿಕಾಯಿ, ಅಂದರೆ ಸಿಹಿಗುಂಬಳದ ಬಳ್ಳಿಯ ಕಥೆ ಬೇರೆ. ಸೆಕೆ ಹೆಚ್ಚಾದರೆ ಅದರಲ್ಲಿ ಗಂಡು ಹೂಗಳದ್ದೇ ಸಮ್ಮೇಳನ. ಹಿಂದೆ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂ ಅಪರೂಪಕ್ಕೊಂದು ಕಂಡರೆ ಬೆಳಿಗ್ಗೆ ಎಂಟರೊಳಗೆ ಗಂಡು ಹೂ ಕಿತ್ತು, ಎಸಳು ಸುಲಿದು, ಅದಕ್ಕೆ ಒರೆಸಬೇಕು. ಹತ್ತು ಗಂಟೆಗೆ ಬಾಗಿಲು ಮುಚ್ಚುವ ಹೂವದು, ರಾಯರ ಹಳೆಯ ಕೌಂಟರಿನ ಹಾಗೆ ತಡವಾಗಿ ಬಂದವರಿಗೆ ನಾಳೆ ಬನ್ನಿ. ಅಷ್ಟು ಮಾಡಿ ಕಾಯಿ ನಿಂತರೆ ಹಣ್ಣುನೊಣ ಬಂದು ಚುಚ್ಚಿ ಮೊಟ್ಟೆ ಇಡುತ್ತದೆ. ವಾಸನೆಯಿಂದ ನೊಣವನ್ನು ಸೆಳೆಯುವ ಮೋಹಕ ಬಲೆ ಕಟ್ಟಬಹುದು, ಆದರೆ ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ, ಚುಚ್ಚುವುದು ಹೆಣ್ಣು. ಹಾಗಾಗಿ ಎಳೆಗಾಯಿಗೆ ಕಾಗದದ ತೊಟ್ಟೆ ಕಟ್ಟಬೇಕು, ಉದುರಿದ ಕಾಯಿಗಳನ್ನು ಆರಿಸಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿದು ನಾಲ್ಕೈದು ದಿನ ಬಿಸಿಲಿಗಿಡಬೇಕು. ಬಿಟ್ಟರೆ ಹುಳ ಮಣ್ಣಿಗಿಳಿದು ಮುಂದಿನ ತಂಡ ತಯಾರು.

ಮುಳ್ಳುಸೌತೆ ಕಹಿ ಎಂಬ ದೂರೂ ಬಂದಿದೆ. ಎರಡು ದಿನ ಕರೆಂಟು ಕೈಕೊಟ್ಟಿತು, ಪಂಪು ಓಡಲಿಲ್ಲ, ಬಳ್ಳಿ ಬಾಯಾರಿ ಕಾಯಿಗೆ ಕಹಿ ಇಳಿಸಿತು. ತೊಟ್ಟಿನ ಕಡೆ ಒಂದಂಗುಲ ಕತ್ತರಿಸಿ ತಿನ್ನಿ. ಬುಡಕ್ಕೆ ದರಗು ಎಂಬ ಒಣ ಎಲೆ, ಅಡಕೆ ಸೋಗೆ ನಾಲ್ಕಂಗುಲ ದಪ್ಪಕ್ಕೆ ಮುಚ್ಚಿದ್ದೇವೆ, ಅದಿಲ್ಲದಿದ್ದರೆ ದೂರು ಹೇಳಲೂ ಕಾಯಿ ಇರುತ್ತಿರಲಿಲ್ಲ. ಅಲಸಂಡೆಯ ಕುಡಿ ನವಿಲಿನ ಹೊಟ್ಟೆಯಲ್ಲಿದೆ. ರಾಷ್ಟ್ರಪಕ್ಷಿಯಿಂದ ರಸೀದಿ ಕೇಳುವ ಕ್ರಮವಿಲ್ಲ.

ನಿಜ ಹೇಳಬೇಕೆಂದರೆ 550 ಗ್ರಾಂ ಸರಿದೂಗಿಸಲು ಒಂದು ಸಣ್ಣ ಮಂಗಳೂರು ಸೌತೆ ಸಾಕು. ಸುಗ್ಗಿ ಗದ್ದೆಯದ್ದು ರಾಶಿ ಬಿದ್ದಿದೆ, ಬಿಸಿಲಿಗೆ ಹೆದರದ ಪುಣ್ಯಾತ್ಮ ಅದು. ಆದರೆ ಸತತ ಐದು ವಾರ ಅದನ್ನೇ ಹಾಕಿ, ಹುಳಿ, ಕೊದ್ದೆಲು, ತಿರುಳಿನ ದೋಸೆ ಎಲ್ಲ ಮುಗಿದು, ಆರನೇ ವಾರ ಹಾಕಿದರೆ ಒಪ್ಪಂದ ಮುರಿಯುತ್ತೇವೆ ಎಂದು ಉಳಿದ 39 ಮನೆಯವರು ನೋಟಿಸು ಕೊಟ್ಟಿದ್ದಾರೆ.

ಇದನ್ನು ಫೋನಿನಲ್ಲಿ ಹೇಳಿದಾಗ ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಮ್ಮಮ್ಮ ಮಾಡಿನ ಮರದ ಪಕ್ಕಾಸಿಗೆ ಸೌತೆಯನ್ನು ಬಾಳೆನಾರಿನಲ್ಲಿ ಸಾಲಾಗಿ ಕಟ್ತಿದ್ರು. ಒಂದಕ್ಕೊಂದು ತಾಗಬಾರದು, ತಾಗಿದ್ರೆ ಕೊಳೀತದೆ ಅಂತ. ಆಟಿ ತಿಂಗಳಲ್ಲಿ ಹೊರಗೆ ಜಡಿಮಳೆ, ತರಕಾರಿ ಅಂದ್ರೆ ಅದೊಂದೇ. ಮಲಗಿದಲ್ಲಿಂದ ನೋಡಿ ಎಷ್ಟು ಉಳಿದಿದೆ ಅಂತ ಎಣಿಸ್ತಿದ್ದೆ' ಎಂದರು. ಆಗ ಸೌತೆಯನ್ನು ತೂಗುಹಾಕುತ್ತಿದ್ದರು, ಈಗ ತೂಗುತ್ತಾರೆ. ಎಣಿಸುವ ಚಾಳಿ ಮಾತ್ರ ಬ್ಯಾಂಕಿಗಿಂತ ಹಳೆಯದು ಎಂದಾಯಿತು. ಅವರ ಫ್ಲ್ಯಾಟಿನ ಕಾಂಕ್ರೀಟು ಮಾಡಿನಲ್ಲಿ ಕಟ್ಟುವುದಕ್ಕೆ ಪಕ್ಕಾಸು ಎಲ್ಲಿದೆ?

ಮೊನ್ನೆ ರಾತ್ರಿ ಗುಡುಗಿ ಒಂದು ಗಂಟೆ ಸುರಿಯಿತು. ಹರಿವೆಯ ಎಲೆಯ ಅಡಿಗೆಲ್ಲ ಕೆಸರು ಸಿಡಿದಿತ್ತು. ತೊಳೆದು ಕಳಿಸಿದರೆ ದಾರಿಯಲ್ಲೇ ಕೊಳೆಯುತ್ತದೆಂದು ಹಾಗೆಯೇ ಕಟ್ಟಿ ಕಳಿಸಿದೆವು. ಶನಿವಾರ 12.40ಕ್ಕೆ ಟಿಣ್.

'4 ಕಿಲೋ 900 ಗ್ರಾಂ. ಇದರಲ್ಲಿ ಮಣ್ಣು ಎಷ್ಟು?'