ಹುಂಜ ಇಲ್ಲದಿದ್ದರೂ ಕೋಳಿ ತತ್ತಿ ಇಡುತ್ತದೆ

"ಹಿತ್ತಲಲ್ಲಿ ಕೋಳಿ ಸಾಕಬೇಕೆಂದರೆ ಹುಂಜ ಇರಲೇಬೇಕು, ಇಲ್ಲದಿದ್ದರೆ ಹೇಂಟೆ ತತ್ತಿ ಇಡೋದಿಲ್ಲ, ಇಟ್ಟರೂ ಅದರಾಗ ಸತ್ವ ಇರೋದಿಲ್ಲ" ಎಂಬ ಮೆಸೇಜ್ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಕೋಳಿಯ ಹೊಟ್ಟೆಯಲ್ಲಿ ಒಂದು ತತ್ತಿ ತಯಾರಾಗಲು ಸುಮಾರು 25 ತಾಸು ಬೇಕು. ಅದರಲ್ಲಿ 20 ತಾಸಿನಷ್ಟು ಬರೀ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಇದರಲ್ಲಿ ಹುಂಜದ ಕೆಲಸ ಏನೂ ಇಲ್ಲ. ಕಿರಾಣಿ ಅಂಗಡಿಯ ಫಾರ್ಮ್ ತತ್ತಿಗಳೆಲ್ಲ ಹುಂಜದ ಮುಖವನ್ನೇ ನೋಡದ ಕೋಳಿಗಳವು. ಮರಿ ಬೇಕಿದ್ದರೆ ಮಾತ್ರ ಹುಂಜ ಬೇಕು. ಆಗ ಕಾವಿಗೆ ಕೂರಿಸಿದ 21 ದಿನಕ್ಕೆ ಮರಿ ಹೊರಬರುತ್ತದೆ. ಸತ್ವವಂತೂ ಕೋಳಿ ಏನು ತಿಂದಿದೆ ಅನ್ನುವುದರ ಮೇಲೆ.

ಮೆಸೇಜಿನ ಜೊತೆಗಿರುವ ಫೋಟೊದಲ್ಲಿ ಹಳದಿಯ ಮೇಲೆ ಕೆಂಪು ಚುಕ್ಕೆ ಇದೆ. ಅದು ಮರಿ ಅಲ್ಲ. ಹಳದಿ ಅಂಡಾಶಯದಿಂದ ಬಿಡುವಾಗ ಸಣ್ಣ ರಕ್ತನಾಳ ಒಡೆದ ಗುರುತು. ಚಮಚದ ತುದಿಯಿಂದ ತೆಗೆದು ಹಾಕಿ, ಆಮ್ಲೆಟ್ ಮಾಡಿಕೊಳ್ಳಿ.

ತತ್ತಿ ನಿಂತಿದ್ದರೆ ಕಾರಣ ಬೇರೆ ಕಡೆ ಹುಡುಕಿ. ಪುಕ್ಕ ಉದುರುತ್ತಿದೆಯೇ? ಜವಾರಿ ಕೋಳಿ ಕಾವಿಗೆ ಕೂತಿದೆಯೇ? ಬರೀ ಜೋಳದ ನುಚ್ಚು, ಉಳಿದ ಅನ್ನ ಹಾಕುತ್ತಿದ್ದೀರಾ? ಚಿಪ್ಪು ತೆಳುವಾದರೆ ಸುಣ್ಣದಂಶ ಸಾಲುತ್ತಿಲ್ಲ. ತತ್ತಿಯ ಸಿಪ್ಪೆಯನ್ನೇ ಹುರಿದು ಪುಡಿ ಮಾಡಿ ಹಾಕಬಹುದು.

ಹೊಸಬರಿಗೆ ಮೂರ್ನಾಲ್ಕು ಹೇಂಟೆ ಸಾಕು. ಗೋಡೆಗೆ ಗೋಡೆ ಹತ್ತಿಕೊಂಡ ಓಣಿಯಲ್ಲಿ ನಸುಕಿನಲ್ಲೇ ಕೂಗುವ ಹುಂಜ ತಂದರೆ ನೆರೆಯವರ ಜಗಳ ಕೈಯಾರೆ ತಂದ ಹಾಗೆ. ಆ ದುಡ್ಡಿನಲ್ಲಿ ರಾಣಿಖೇತ್ ರೋಗದ ಲಸಿಕೆ ಹಾಕಿಸಿ.